ಕೊಳಚೆಯಲ್ಲೇ ಮೀನು, ಮೀನಿನಿಂದಲೇ ಶುದ್ಧ ನೀರು: ಕೋಲ್ಕತ್ತಾದ ಜೌಗು ಭೂಮಿ ನಮ್ಮ ನಗರಗಳಿಗೆ ಕಲಿಸುವ ಪಾಠ

ಅಡುಗೆಮನೆಯ ಸಿಂಕು, ಬಚ್ಚಲು, ಶೌಚಾಲಯದಿಂದ ಇಳಿದುಹೋದ ನೀರು ಮುಂದೆ ಎಲ್ಲಿಗೆ ಹೋಗುತ್ತದೆ? ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಂಥ ಊರುಗಳಲ್ಲಿ ಬದುಕುವ ನಮ್ಮಲ್ಲಿ ಹೆಚ್ಚಿನವರು ಈ ಪ್ರಶ್ನೆ ಕೇಳಿಕೊಂಡೇ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಅದರಲ್ಲಿ ನಿಜವಾಗಿ ಸಂಸ್ಕರಣೆಯಾಗುತ್ತಿದ್ದದ್ದು 20,236 ದಶಲಕ್ಷ ಲೀಟರ್ ಮಾತ್ರ. ಅಂದರೆ ಮೂರನೇ ಒಂದು ಭಾಗವೂ ಅಲ್ಲ. ಉಳಿದದ್ದು ನದಿ, ಕೆರೆ, ಕಡಲಿನ ಪಾಲು.

ಈ ನೀರನ್ನು ಶುದ್ಧ ಮಾಡಲು ಯಂತ್ರ ಬೇಕು, ವಿದ್ಯುತ್ ಬೇಕು, ಹಣ ಬೇಕು ಎಂದು ನಾವು ನಂಬಿದ್ದೇವೆ. ಆದರೆ ಕೋಲ್ಕತ್ತಾದ ಪೂರ್ವ ಅಂಚಿನಲ್ಲಿ ಸುಮಾರು ನೂರು ವರ್ಷಗಳಿಂದ ಬೇರೊಂದು ಕ್ರಮ ನಡೆದುಕೊಂಡು ಬಂದಿದೆ. ಅಲ್ಲಿ ಬಿಸಿಲು, ಸೂಕ್ಷ್ಮಾಣು, ಪಾಚಿ ಮತ್ತು ಮೀನು ಸೇರಿ ಮಹಾನಗರದ ಕೊಳಚೆಯನ್ನು ತೊಳೆಯುತ್ತವೆ. ತೊಳೆಯುವ ಕೆಲಸಕ್ಕೆ ಕೂಲಿ ಕೇಳುವುದಿರಲಿ, ನಗರಕ್ಕೆ ಮೀನು, ಅಕ್ಕಿ, ತರಕಾರಿಯನ್ನೂ ಕೊಡುತ್ತವೆ. ಪ್ರಕೃತಿಯ ವ್ಯವಸ್ಥೆಯನ್ನು ನೋಡಿ ಮನುಷ್ಯ ತನ್ನ ಕೆಲಸ ಹೇಗೆ ತಿದ್ದಿಕೊಳ್ಳಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಇರುವ ದೊಡ್ಡ ಉದಾಹರಣೆ ಇದು.

ಒಂದು ನೋಟದಲ್ಲಿ

• ಸ್ಥಳ: ಪೂರ್ವ ಕೋಲ್ಕತ್ತಾ ಜೌಗು ಭೂಮಿ, ಪಶ್ಚಿಮ ಬಂಗಾಳ
• ವಿಸ್ತೀರ್ಣ: ಸುಮಾರು 12,500 ಹೆಕ್ಟೇರ್
• ಅಂತರರಾಷ್ಟ್ರೀಯ ಮಾನ್ಯತೆ: 2002ರ ಆಗಸ್ಟ್‌ನಲ್ಲಿ ರಾಮ್ಸರ್ ತಾಣವೆಂದು ಘೋಷಣೆ
• ರಕ್ಷಣೆ: 1992ರ ಕಲ್ಕತ್ತಾ ಹೈಕೋರ್ಟ್ ಆದೇಶ, 2006ರ ರಾಜ್ಯ ಕಾಯ್ದೆ
• ಉತ್ಪನ್ನ: ಮೀನು, ಭತ್ತ, ತರಕಾರಿ

ಸತ್ತ ನದಿಯ ಜಾಗದಲ್ಲಿ ಹುಟ್ಟಿದ ಜಾಣ್ಮೆ

ಕೋಲ್ಕತ್ತಾದ ಪಶ್ಚಿಮಕ್ಕೆ ಹೂಗ್ಲಿ ನದಿ ಇದೆ. ಕೊಳಚೆ ಆ ನದಿಗೇ ಹೋಗಬೇಕಿತ್ತಲ್ಲ ಎನಿಸುವುದು ಸಹಜ. ಆದರೆ ನಗರದ ನೆಲ ಹೂಗ್ಲಿಯ ದಡದಿಂದ ಪೂರ್ವಕ್ಕೆ ಇಳಿಜಾರಾಗಿದೆ. ಹೀಗಾಗಿ ಬ್ರಿಟಿಷರ ಕಾಲದಲ್ಲೇ ಚರಂಡಿಗಳನ್ನು ಪೂರ್ವದ ಕಡೆಗೆ ತಿರುಗಿಸಲಾಯಿತು. ಅಲ್ಲಿ ಬಿದ್ಯಾಧರಿ ಎಂಬ ನದಿ ಹರಿಯುತ್ತಿತ್ತು. ಕಡಲಿನ ಭರತ ಅದರಲ್ಲಿ ಏರಿ ಬರುತ್ತಿದ್ದರಿಂದ ಸುತ್ತಲೂ ಉಪ್ಪುನೀರಿನ ಜೌಗು ಹರಡಿತ್ತು.

20ನೇ ಶತಮಾನದ ಮೊದಲ ದಶಕಗಳಲ್ಲಿ ಬಿದ್ಯಾಧರಿ ಹೂಳು ತುಂಬಿ ಸತ್ತುಹೋಯಿತು. ಉಪ್ಪುನೀರು ಬರುವುದು ನಿಂತಿತು, ಉಪ್ಪುನೀರಿನ ಮೀನುಗಾರಿಕೆಯೂ ಕೈಬಿಟ್ಟಿತು. ಉಳಿದದ್ದು ನಗರದಿಂದ ಹರಿದು ಬರುವ ಕೊಳಚೆ ಮಾತ್ರ. ಬೇರೆಯವರಾಗಿದ್ದರೆ ಊರು ಬಿಡುತ್ತಿದ್ದರು. ಅಲ್ಲಿನ ಮೀನುಗಾರರು ಆ ಕೊಳಚೆಯನ್ನೇ ಸ್ವಲ್ಪ ಸ್ವಲ್ಪವಾಗಿ ಹೊಂಡಗಳಿಗೆ ಬಿಟ್ಟು ಸಿಹಿನೀರಿನ ಮೀನು ಸಾಕಿ ನೋಡಿದರು. ಮೀನು ಬದುಕಿತು. ಬದುಕಿದ್ದಷ್ಟೇ ಅಲ್ಲ, ಮೇವು ಕೊಂಡು ಹಾಕದೆಯೇ ಕೊಬ್ಬಿತು.

ಇಂಥ ಹೊಂಡಗಳನ್ನು ಬಂಗಾಳಿಯಲ್ಲಿ 'ಭೇರಿ' ಎನ್ನುತ್ತಾರೆ. ಕೆಲವು ಹೊಂಡಗಳು ನಮ್ಮ ದೊಡ್ಡ ಕೆರೆಗಳಷ್ಟು ಅಗಲವಾಗಿವೆ, ಆದರೆ ಆಳ ಮಾತ್ರ ಎರಡರಿಂದ ಐದು ಅಡಿ. ಇಂಥವು ಇಲ್ಲಿ ಎರಡೂವರೆ ನೂರಕ್ಕೂ ಹೆಚ್ಚು ಇವೆ. ಇಲ್ಲಿಂದ ವರ್ಷಕ್ಕೆ ಅಂದಾಜು 10,000 ಟನ್ ಮೀನು ಕೋಲ್ಕತ್ತಾದ ಮಾರುಕಟ್ಟೆ ಸೇರುತ್ತದೆ. ಪಕ್ಕದ ಧಾಪಾದಲ್ಲಿ 19ನೇ ಶತಮಾನದ ಉತ್ತರಾರ್ಧದಿಂದಲೇ ನಗರದ ಕಸ ಸುರಿದು ಕೊಳೆತ ನೆಲದ ಮೇಲೆ ತರಕಾರಿ ಬೆಳೆಯುತ್ತಿದ್ದಾರೆ. ಹೊಂಡದಿಂದ ಹೊರಬಿಟ್ಟ ನೀರು ಭತ್ತದ ಗದ್ದೆಗೆ ಹೋಗುತ್ತದೆ. 'ಕಸದಿಂದ ರಸ' ಎಂಬ ಮಾತು ಅಲ್ಲಿ ಬರೀ ಘೋಷಣೆಯಲ್ಲ, ದಿನದ ದುಡಿಮೆ.

ಹೊಂಡದೊಳಗೆ ನಡೆಯುವುದೇನು?

ಕೊಳಚೆ ನೀರಿನಲ್ಲಿ ಬಹುಪಾಲು ನೀರೇ. ಉಳಿದ ಅಲ್ಪ ಭಾಗ ಮಲ, ಅನ್ನದ ಅಗುಳು, ಸೋಪು, ಎಣ್ಣೆ. ಇದನ್ನು ಸೂಕ್ಷ್ಮಾಣುಗಳು ತಿಂದು ಒಡೆಯುತ್ತವೆ. ಈ ಕೆಲಸಕ್ಕೆ ಅವಕ್ಕೆ ಆಮ್ಲಜನಕ ಬೇಕು. ಅವು ತಿಂದು ಬಿಟ್ಟದ್ದೇ ಇಂಗಾಲದ ಡೈಆಕ್ಸೈಡ್, ಸಾರಜನಕ ಮತ್ತು ರಂಜಕ. ಗಿಡಕ್ಕೆ ಇವು ಗೊಬ್ಬರ. ನೀರಿನಲ್ಲಿರುವ ಹಸಿರು ಪಾಚಿ ಈ ಗೊಬ್ಬರವನ್ನು ಹೀರಿಕೊಂಡು, ಬಿಸಿಲಿನ ಬಲದಿಂದ ಬೆಳೆದು, ಆಮ್ಲಜನಕವನ್ನು ನೀರಿಗೆ ಮರಳಿ ಬಿಡುತ್ತದೆ. ಸೂಕ್ಷ್ಮಾಣುಗಳಿಗೆ ಬೇಕಾದದ್ದು ಅದೇ. ಒಬ್ಬರ ಎಂಜಲು ಇನ್ನೊಬ್ಬರ ಊಟ.

ಇಲ್ಲಿಗೇ ನಿಂತರೆ ಅಪಾಯವಿದೆ. ಪಾಚಿ ಮಿತಿಮೀರಿ ಬೆಳೆದು ಸತ್ತರೆ ನೀರು ಮತ್ತೆ ಕೊಳೆಯುತ್ತದೆ. ಅದನ್ನು ತಡೆಯುವ ಕೆಲಸ ಮೀನಿನದು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಒಂದೇ ಹೊಂಡದಲ್ಲಿ ಮೂರಕ್ಕೂ ಮೂರು ಬೇರೆ ಜಾಗ, ಬೇರೆ ಮೇವು, ಜಗಳವಿಲ್ಲ. ಪಾಚಿಯೂ ಅದನ್ನು ತಿನ್ನುವ ಸಣ್ಣ ಜೀವಿಗಳೂ ಹದ್ದುಮೀರದಂತೆ ಅವು ನೋಡಿಕೊಳ್ಳುತ್ತವೆ. ಆಳ ಕಡಿಮೆ ಇರುವುದರಿಂದ ಬಿಸಿಲು ನೀರಿನೊಳಗೆ ಚೆನ್ನಾಗಿ ಇಳಿದು ರೋಗಾಣುಗಳನ್ನು ಕೊಲ್ಲುತ್ತದೆ. ದಂಡೆಗುಂಟ ಅಂತರಗಂಗೆ ಬಿಟ್ಟಿರುತ್ತಾರೆ. ಕೆರೆ ನುಂಗುವ ಕಳೆ ಎಂದು ನಾವು ಬೈಯುವ ಅದೇ ಗಿಡ ಅಲ್ಲಿ ಬಿದಿರಿನ ತಡೆಯೊಳಗೆ ನಿಂತು, ಅಲೆಯ ಹೊಡೆತದಿಂದ ಮಣ್ಣಿನ ಏರಿಯನ್ನು ಕಾಯುತ್ತದೆ. ಜೊತೆಗೆ ನೀರಿನಲ್ಲಿನ ಲೋಹದ ಅಂಶವನ್ನು ಒಂದಷ್ಟು ಹೀರುತ್ತದೆ.

ಯಾಂತ್ರಿಕ ಶುದ್ಧೀಕರಣ ಘಟಕದಲ್ಲಿಯೂ ಕೊಳಚೆಯನ್ನು ಒಡೆಯುವುದು ಇದೇ ಸೂಕ್ಷ್ಮಾಣುಗಳು. ವ್ಯತ್ಯಾಸ ಇಷ್ಟೇ: ಅಲ್ಲಿ ಆಮ್ಲಜನಕ ಕೊಡಲು ದೊಡ್ಡ ಬ್ಲೋವರ್‌ಗಳು ಹಗಲು ರಾತ್ರಿ ಗಾಳಿ ಊದಬೇಕು. ಘಟಕದ ವಿದ್ಯುತ್ ಬಿಲ್ಲಿನ ದೊಡ್ಡ ಪಾಲು ಅದರದೇ. ಭೇರಿಯಲ್ಲಿ ಆ ಕೆಲಸವನ್ನು ಪಾಚಿ ಬಿಸಿಲಿನಿಂದ ಮಾಡುತ್ತದೆ.

ಮೀನುಗಾರರ ಕೈಚಳಕ

ಕೊಳಚೆ ಬಿಟ್ಟ ಕೂಡಲೇ ಎಲ್ಲ ತಾನಾಗಿ ಆಗುತ್ತದೆ ಎಂದಲ್ಲ. ಚಳಿಗಾಲದಲ್ಲಿ ಹೊಂಡ ಬರಿದು ಮಾಡಿ ತಳವನ್ನು ಬಿಸಿಲಿಗೆ ಒಣಗಿಸುತ್ತಾರೆ, ಹೂಳು ತೆಗೆದು ಏರಿ ಕಟ್ಟುತ್ತಾರೆ. ಬಳಿಕ ಕೊಳಚೆ ತುಂಬಿಸಿ, ನೀರು ಹಸಿರಾಗುವವರೆಗೆ ಕಾಯುತ್ತಾರೆ. ನೀರನ್ನು ಕಲಕಿ ಗಾಳಿಯಾಡಿಸುತ್ತಾರೆ. ಮೊದಲು ಕೆಲವೇ ಮೀನು ಬಿಟ್ಟು ಪರೀಕ್ಷೆ. ಅವು ಬದುಕಿದರೆ ಮಾತ್ರ ಉಳಿದ ಮರಿಗಳನ್ನು ಬಿಡುತ್ತಾರೆ. ಆಮೇಲೆ ವರ್ಷವಿಡೀ ಅಳೆದು ಅಳೆದು ಕೊಳಚೆ ಹಾಯಿಸುತ್ತಾರೆ.

ಎಷ್ಟು ಹಾಯಿಸಬೇಕು ಎಂಬುದನ್ನು ನೀರಿನ ಬಣ್ಣ, ವಾಸನೆ, ಬೆಳಗಿನ ಜಾವ ಮೀನಿನ ನಡವಳಿಕೆ ನೋಡಿ ತೀರ್ಮಾನಿಸುತ್ತಾರೆ. ರಾತ್ರಿ ಪಾಚಿ ಆಮ್ಲಜನಕ ಬಿಡುವುದಿಲ್ಲ, ತಾನೇ ಬಳಸುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಆಗ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಕೊಳಚೆ ಹೆಚ್ಚಾಗಿದೆ ಎಂದೇ ಅರ್ಥ. ತೂಬು ಮುಚ್ಚಬೇಕು. ಪ್ರಯೋಗಾಲಯವಿಲ್ಲದೆ ತಲೆಮಾರುಗಳಿಂದ ಬಂದ ಅರಿವು ಇದು.

ಈ ಅರಿವನ್ನು ಸರ್ಕಾರಿ ಕಡತಕ್ಕೆ ತಂದವರು ಧ್ರುಬಜ್ಯೋತಿ ಘೋಷ್. ಪಶ್ಚಿಮ ಬಂಗಾಳ ಸರ್ಕಾರದಲ್ಲಿ ಎಂಜಿನಿಯರ್ ಆಗಿದ್ದ ಅವರು 1980ರ ದಶಕದಲ್ಲಿ, ಕೋಲ್ಕತ್ತಾದ ಕೊಳಚೆ ಕೊನೆಗೆ ಏನಾಗುತ್ತದೆ ಎಂದು ಹುಡುಕುತ್ತಾ ಕಾಲುವೆಯ ಜಾಡು ಹಿಡಿದು ಹೋದರು. ಸಿಕ್ಕಿದ್ದು ಶುದ್ಧೀಕರಣ ಘಟಕವಲ್ಲ, ಮೀನುಗಾರರು. ಅದುವರೆಗೆ ಸುಮ್ಮನೆ 'ಪಾಳು ಜೌಗು' ಎನಿಸಿಕೊಂಡಿದ್ದ ಭೂಮಿ ಒಂದು ಮಹಾನಗರವನ್ನು ಕಾಯುತ್ತಿದೆ ಎಂದು ನಕ್ಷೆ ಬರೆದು, ಲೆಕ್ಕ ಕೊಟ್ಟು ತೋರಿಸಿದರು. 1990ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 'ಗ್ಲೋಬಲ್ 500' ಗೌರವ ಅವರಿಗೆ ಸಂದಿತು. 2018ರಲ್ಲಿ ಅವರು ತೀರಿಕೊಂಡರು.

ಪ್ರಕೃತಿಯ ನಾಲ್ಕು ನಿಯಮಗಳು

ಭೇರಿಗಳು ಕಾಡೋ ಅಭಯಾರಣ್ಯವೋ ಅಲ್ಲ, ಮನುಷ್ಯ ಕಟ್ಟಿದ ಹೊಂಡಗಳು. ಆದರೂ ಅವು ಪ್ರಕೃತಿಯ ನಿಯಮಗಳಿಗೆ ತಲೆಬಾಗಿ ಕೆಲಸ ಮಾಡುತ್ತವೆ. ಆ ನಿಯಮಗಳು ಇವು.

ಒಂದು, ಕಸ ಎಂಬುದಿಲ್ಲ. ಉದುರಿದ ಎಲೆ ಗೆದ್ದಲಿಗೆ, ಗೆದ್ದಲು ಪಕ್ಷಿಗೆ, ಹಿಕ್ಕೆ ಬೇರಿಗೆ. ತಪ್ಪಾದ ಜಾಗದಲ್ಲಿ ಬಿದ್ದ ಸಂಪತ್ತಿಗೆ ನಾವು ಕಸ ಎಂದು ಹೆಸರಿಟ್ಟಿದ್ದೇವೆ.

ಎರಡು, ಶಕ್ತಿ ಬಿಸಿಲಿನಿಂದ. ಹರಿವು ಇಳಿಜಾರಿನಿಂದ.

ಮೂರು, ಬಗೆ ಬಗೆಯ ಜೀವಿಗಳಿಗೆ ಬಗೆ ಬಗೆಯ ಕೆಲಸ. ಒಂದೇ ಜಾತಿ ತುಂಬಿದರೆ ವ್ಯವಸ್ಥೆ ಕುಸಿಯುತ್ತದೆ.

ನಾಲ್ಕು, ಮಿತಿ. ಪ್ರತಿ ಹೊಂಡಕ್ಕೂ ಇಷ್ಟೇ ಅರಗಿಸಿಕೊಳ್ಳಬಲ್ಲೆ ಎಂಬ ಅಳತೆ ಇದೆ. ಅದನ್ನು ದಾಟಿದರೆ ಕ್ಷಮೆಯಿಲ್ಲ.

ಕಾರ್ಖಾನೆಗಳಿಗೂ ಒಂದು 'ಕಾಡು'

ಮೊದಲ ನಿಯಮ ಮೀನು, ತರಕಾರಿಗೆ ಮಾತ್ರ ಸೀಮಿತವಲ್ಲ. ಡೆನ್ಮಾರ್ಕಿನ ಕಾಲುಂಡ್‌ಬೋರ್ ಎಂಬ ಸಣ್ಣ ಬಂದರು ಪಟ್ಟಣದ ಕಾರ್ಖಾನೆಗಳು ಇದನ್ನೇ ಅನುಸರಿಸಿವೆ. 1972ರಲ್ಲಿ ಅಲ್ಲಿನ ತೈಲ ಸಂಸ್ಕರಣಾಗಾರ ತನಗೆ ಬೇಡವಾದ ಅನಿಲವನ್ನು ಸುಟ್ಟುಹಾಕುವ ಬದಲು ಪಕ್ಕದ ಜಿಪ್ಸಂ ಹಲಗೆ ಕಾರ್ಖಾನೆಗೆ ಕೊಡತೊಡಗಿತು. ಮುಂದೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಬೆ ಔಷಧ ಕಾರ್ಖಾನೆಗೆ ಮತ್ತು ತೈಲಾಗಾರಕ್ಕೆ ಹೋಯಿತು. ಮಿಕ್ಕ ಬಿಸಿ ಪಟ್ಟಣದ ಮನೆಗಳನ್ನು ಬೆಚ್ಚಗಿಟ್ಟಿತು, ಹಾರುಬೂದಿ ಸಿಮೆಂಟಿಗೆ ಸೇರಿತು. ಹೊಗೆಯಿಂದ ಗಂಧಕ ತೆಗೆದಾಗ ಸಿಕ್ಕ ಜಿಪ್ಸಂ ಹಲಗೆಯಾಯಿತು. ಔಷಧ ತಯಾರಿಕೆಯಲ್ಲಿ ಮಿಕ್ಕ ಯೀಸ್ಟ್ ಹಂದಿಗಳ ಮೇವಾಯಿತು.

ಇದನ್ನು ಯಾರೂ ಮೊದಲೇ ಯೋಜನೆ ಹಾಕಿ ಮಾಡಿದ್ದಲ್ಲ. ಅಕ್ಕಪಕ್ಕದ ವ್ಯವಸ್ಥಾಪಕರು ಪರಸ್ಪರ ಮಾತಾಡಿ, ಇಬ್ಬರಿಗೂ ಲಾಭವಿದೆ ಎಂದು ಕಂಡಾಗ ಒಂದೊಂದೇ ಕೊಳವೆ ಜೋಡಿಸುತ್ತಾ ಹೋದರು. 1989ರಲ್ಲಿ ರಾಬರ್ಟ್ ಫ್ರೋಷ್ ಮತ್ತು ನಿಕೊಲಸ್ ಗ್ಯಾಲೊಪೌಲಸ್ ಎಂಬ ಇಬ್ಬರು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ, ಕೈಗಾರಿಕೆಗಳೂ ಜೀವಿಗಳ ಸಮುದಾಯದಂತೆ ಒಂದರ ತ್ಯಾಜ್ಯವನ್ನು ಇನ್ನೊಂದು ಬಳಸಬೇಕು ಎಂಬ ವಾದ ಮಂಡಿಸಿದರು. 'ಕೈಗಾರಿಕಾ ಪರಿಸರ ವಿಜ್ಞಾನ' ಎಂಬ ಅಧ್ಯಯನ ಶಾಖೆ ಬೆಳೆಯಲು ಈ ಲೇಖನ ದೊಡ್ಡ ಪ್ರೇರಣೆಯಾಯಿತು. ಕೋಲ್ಕತ್ತಾದ ಮೀನುಗಾರರು ಅಷ್ಟು ಹೊತ್ತಿಗೆ ಅದನ್ನು ಹಲವು ದಶಕ ಬಾಳಿ ತೋರಿಸಿದ್ದರು.

ಮಿತಿ ಮೀರಿದರೆ ಏನಾಗುತ್ತದೆ? ಬೆಳ್ಳಂದೂರು ನೋಡಿ

ನಾಲ್ಕನೇ ನಿಯಮದ ಪಾಠ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಹರಿದದ್ದೂ ಕೊಳಚೆಯೇ. ಆದರೆ ಅಲ್ಲಿ ಮೀನಿನ ಬದಲು ನೊರೆ ಎದ್ದಿತು. ಮಳೆ ಬಂದಾಗ ಕೋಡಿಯಲ್ಲಿ ಎದ್ದ ನೊರೆ ರಸ್ತೆಗೆ ಹಾರಿ ವಾಹನ ಸವಾರರ ಮೈಮೇಲೆ ಬಿತ್ತು. 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಕೆರೆಯಂಗಳಕ್ಕೆ ಬೆಂಕಿ ಬಿದ್ದ ಸುದ್ದಿ ದೇಶವೆಲ್ಲ ಓದಿತು.

ಭೇರಿಗೂ ಬೆಳ್ಳಂದೂರಿಗೂ ವ್ಯತ್ಯಾಸ ಎಲ್ಲಿ? ಭೇರಿಗೆ ಕೊಳಚೆ ಅಳತೆಯಲ್ಲಿ ಬರುತ್ತದೆ, ಬೇಡವೆಂದಾಗ ತೂಬು ಮುಚ್ಚುವವರಿದ್ದಾರೆ. ಬೆಳ್ಳಂದೂರಿಗೆ ಬೆಳೆಯುತ್ತಲೇ ಹೋದ ನಗರದ ಕೊಳಚೆ ತಡೆಯಿಲ್ಲದೆ ನುಗ್ಗಿತು. ಭೇರಿಯ ತಳವನ್ನು ಒಣಗಿಸಿ ಹೂಳು ತೆಗೆಯುತ್ತಾರೆ. ಬೆಳ್ಳಂದೂರಿನಲ್ಲಿ ಹೂಳು ದಶಕಗಟ್ಟಲೆ ಕೂತು, ಡಿಟರ್ಜೆಂಟಿನ ಅಂಶ ಅದರಲ್ಲಿ ಅಡಗಿತು. ಎಲ್ಲಕ್ಕಿಂತ ಮುಖ್ಯವಾಗಿ, ಭೇರಿಯ ನೀರು ಕೆಟ್ಟರೆ ಯಾರದೋ ಅಂದಿನ ಅನ್ನ ಹೋಗುತ್ತದೆ. ಹಾಗಾಗಿ ಕಾಯುವ ಕಣ್ಣು ಸದಾ ಇರುತ್ತದೆ. ಬೆಳ್ಳಂದೂರಿನ ನೀರನ್ನು ನಂಬಿ ಬದುಕುವವರು ಕಡಿಮೆಯಾದಂತೆ ಆ ಕಣ್ಣೂ ಮುಚ್ಚಿತು.

ಅದೇ ಬೆಂಗಳೂರಿನ ಜಕ್ಕೂರು ಕೆರೆ ಬೇರೆ ದಾರಿ ತೋರಿಸಿದೆ. ಅಲ್ಲಿ ಜಲಮಂಡಳಿಯ ಘಟಕದಲ್ಲಿ ಸಂಸ್ಕರಿಸಿದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುತ್ತದೆ. ಯಂತ್ರ ಬಿಟ್ಟ ಸಾರಜನಕ, ರಂಜಕವನ್ನು ಬೇರುಗಳು ಹೀರುತ್ತವೆ. ಯಂತ್ರ ಮತ್ತು ಪ್ರಕೃತಿ ಕೂಡಿ ದುಡಿಯುವ ಈ ಮಾದರಿ, ಭೇರಿಯಷ್ಟು ಜಾಗವಿಲ್ಲದ ನಗರಗಳಿಗೆ ಹೆಚ್ಚು ಹೊಂದುತ್ತದೆ.

ಕೋಲ್ಕತ್ತಾದಲ್ಲೂ ಎಲ್ಲ ಸರಿಯಿಲ್ಲ

ಭೇರಿಗಳನ್ನು ಹಾಡಿ ಹೊಗಳಿ ಸುಮ್ಮನಾಗುವಂತಿಲ್ಲ. ಮೊದಲ ಪೆಟ್ಟು ಬಿದ್ದದ್ದು ಭೂಮಿಯ ಬೆಲೆಯಿಂದ. 1960ರ ದಶಕದಲ್ಲಿ ಈ ಜೌಗಿನ ಉತ್ತರ ಭಾಗವನ್ನು ಮಣ್ಣು ತುಂಬಿ ಸಾಲ್ಟ್ ಲೇಕ್ ನಗರ ಕಟ್ಟಲಾಯಿತು. 1990ರ ದಶಕದ ಆರಂಭದಲ್ಲಿ ಇಲ್ಲೊಂದು ವಾಣಿಜ್ಯ ಕೇಂದ್ರ ಕಟ್ಟುವ ಪ್ರಸ್ತಾಪ ಬಂದಾಗ ನಾಗರಿಕ ಸಂಘಟನೆಯೊಂದು ಹೈಕೋರ್ಟ್ ಮೆಟ್ಟಿಲೇರಿತು. 1992ರಲ್ಲಿ ನ್ಯಾಯಾಲಯ ಜೌಗಿನ ಭೂಬಳಕೆ ಬದಲಾಯಿಸದಂತೆ ತಡೆಯಿತು. 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರ್ಪಡೆ, 2006ರಲ್ಲಿ ಪ್ರತ್ಯೇಕ ಕಾಯ್ದೆ ಬಂದವು. ಆದರೂ ಅಂಚಿನಲ್ಲಿ ಹೊಂಡ ಮುಚ್ಚುವುದು, ಕಟ್ಟಡ ಏಳುವುದು ನಿಂತಿಲ್ಲ.

ಎರಡನೆಯ ಪೆಟ್ಟು ವಿಷದ್ದು. ಸೂಕ್ಷ್ಮಾಣು ಅನ್ನದ ಅಗುಳನ್ನು ಒಡೆಯಬಲ್ಲದು, ಕ್ರೋಮಿಯಂ ಅಥವಾ ಸೀಸವನ್ನಲ್ಲ. ಚರ್ಮ ಹದ ಮಾಡುವ ಘಟಕಗಳ, ಸಣ್ಣ ಕೈಗಾರಿಕೆಗಳ ನೀರು ಮನೆಗಳ ಕೊಳಚೆಗೆ ಬೆರೆತರೆ ಲೋಹಗಳು ಕೆಸರಿಗೆ, ತರಕಾರಿಗೆ, ಮೀನಿಗೆ ಸೇರುವ ಭಯವಿದೆ. ಪ್ರಕೃತಿಯ 'ಕಸವೆಂಬುದಿಲ್ಲ' ಎಂಬ ನಿಯಮ ನಡೆಯುವುದು ಪ್ರಕೃತಿ ಗುರುತಿಸಬಲ್ಲ ವಸ್ತುಗಳಿಗೆ ಮಾತ್ರ. ಕಾರ್ಖಾನೆಯ ವಿಷವನ್ನು ಕಾರ್ಖಾನೆಯೊಳಗೇ ಬೇರ್ಪಡಿಸಬೇಕು. ಇದೇ ಕಾರಣಕ್ಕೆ ಕೊಳಚೆ ನೀರಿನಿಂದ ಆಹಾರ ಬೆಳೆಯುವಲ್ಲಿ ಪಾಲಿಸಬೇಕಾದ ಸುರಕ್ಷತೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ವಿವರವಾದ ಮಾರ್ಗಸೂಚಿ ಹೊರಡಿಸಿದೆ. ಹಸಿ ಕೊಳಚೆಯನ್ನು ನೇರ ಸೊಪ್ಪಿನ ಮಡಿಗೆ ಹಾಯಿಸುವುದಕ್ಕೂ ಭೇರಿಯ ಕ್ರಮಕ್ಕೂ ಅಜಗಜಾಂತರ.

ಮೂರನೆಯದು ಜನರದು. ಹೊಂಡ ನೋಡಿಕೊಳ್ಳುವುದು ಬೆನ್ನು ಮುರಿಯುವ ಕೆಲಸ, ಆದಾಯ ಕಡಿಮೆ. ಮುಂದಿನ ತಲೆಮಾರು ಕೈಬಿಟ್ಟರೆ, ಬೆಳಗಿನ ಜಾವ ಮೀನು ನೋಡಿ ನೀರಿನ ಆರೋಗ್ಯ ಹೇಳುವ ವಿದ್ಯೆಯೂ ಹೋಗುತ್ತದೆ. ಆಗ ನಗರ ಇಂದು ಬಿಟ್ಟಿಯಾಗಿ ಪಡೆಯುತ್ತಿರುವ ಸೇವೆಗೆ ದುಡ್ಡು ಸುರಿಯಬೇಕಾಗುತ್ತದೆ.

ನೀವಿರುವ ನಗರದಲ್ಲಿ?

ಈ ಕಥೆ ಕೋಲ್ಕತ್ತಾದ್ದು ಮಾತ್ರವಲ್ಲ. ಚೆನ್ನೈನಲ್ಲಿರುವವರಿಗೆ ಪಳ್ಳಿಕರಣೈ ಜೌಗು ಗೊತ್ತಿರಬಹುದು. ಒಂದು ಕಾಲದಲ್ಲಿ ಇಂದಿನದಕ್ಕಿಂತ ಹಲವು ಪಟ್ಟು ಹರಡಿದ್ದ ಅದು ಕಟ್ಟಡ, ರಸ್ತೆ, ಕಸದ ಗುಡ್ಡೆಗೆ ಕರಗುತ್ತಾ ಬಂತು. 2022ರಲ್ಲಿ ಉಳಿದ ಭಾಗ ರಾಮ್ಸರ್ ತಾಣವಾಯಿತು. ಅದೇ ವರ್ಷ, ಫ್ಲೆಮಿಂಗೋ ಹಕ್ಕಿಗಳು ಬಂದಿಳಿಯುವ ಮುಂಬೈ ಬಳಿಯ ಠಾಣೆ ಖಾರಿಯೂ ಆ ಪಟ್ಟಿಗೆ ಸೇರಿತು. ಮುಂಬೈಯ ಮ್ಯಾಂಗ್ರೋವ್ ಕಾಡು ಕಡಲ ಅಲೆಯ ಬಿರುಸು ತಗ್ಗಿಸುತ್ತದೆ, ಕೆಸರನ್ನು ಹಿಡಿದಿಡುತ್ತದೆ. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ ತೇಲುವ ಸಸ್ಯದ್ವೀಪ ಬಿಟ್ಟು ನೀರು ಶುದ್ಧ ಮಾಡುವ ಪ್ರಯತ್ನ ನಡೆದಿದೆ. ದೆಹಲಿಯ ನೀಲಾ ಹೌಜ್‌ನಲ್ಲಿ ಕೊಳಚೆ ತುಂಬಿದ ಹಳೆಯ ಕೆರೆಯನ್ನು ಕಲ್ಲು, ಜಲಸಸ್ಯಗಳ ಕೃತಕ ಜೌಗಿನಿಂದ ಬದುಕಿಸಿದ್ದಾರೆ.

ಜಾಗವಿರುವ ಬಡಾವಣೆ, ಕಾಲೇಜು, ಅಪಾರ್ಟ್‌ಮೆಂಟ್ ಸಮುಚ್ಚಯಗಳೂ ಚಿಕ್ಕ ಪ್ರಮಾಣದಲ್ಲಿ ಇದನ್ನು ಮಾಡಬಹುದು. ಜಲ್ಲಿ ತುಂಬಿದ ತಗ್ಗು ತೊಟ್ಟಿಯಲ್ಲಿ ಜೊಂಡು, ಕಾಬಾಳೆ ನೆಟ್ಟು, ಬಚ್ಚಲು ಮತ್ತು ಬಟ್ಟೆ ಒಗೆದ ನೀರನ್ನು ಅದರೊಳಗೆ ನಿಧಾನವಾಗಿ ಹಾಯಿಸಿದರೆ ತೋಟಕ್ಕೆ ಆಗುವಷ್ಟು ಶುದ್ಧವಾಗುತ್ತದೆ. ವಿನ್ಯಾಸವನ್ನು ತಿಳಿದವರಿಂದ ಮಾಡಿಸಬೇಕು. ನೀರು ಮೇಲೆ ನಿಲ್ಲದಂತೆ ಜಲ್ಲಿಯ ಒಳಗೇ ಹರಿದರೆ ಸೊಳ್ಳೆಯ ಕಾಟವೂ ಇರದು. ಮನೆಯೊಳಗಿನ ಕೆಲಸ ಇನ್ನೂ ಸುಲಭ. ಮಿಕ್ಕ ಬಣ್ಣ, ಅವಧಿ ಮುಗಿದ ಔಷಧ, ಆ್ಯಸಿಡ್, ಕರಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಡಿಟರ್ಜೆಂಟ್ ಅಳತೆಯಲ್ಲಿರಲಿ. ಸೂಕ್ಷ್ಮಾಣು ಅರಗಿಸಿಕೊಳ್ಳಲಾರದ್ದನ್ನು ನಾವು ಕಳಿಸದಿದ್ದರೆ ಅದರ ಕೆಲಸ ಅರ್ಧ ಹಗುರಾದಂತೆ.

ಪ್ರಕೃತಿಯಿಂದ ಕಲಿಯುವುದೆಂದರೆ ಹಳೆಯ ಕಾಲಕ್ಕೆ ಮರಳುವುದಲ್ಲ, ಯಂತ್ರ ಬಿಸಾಕುವುದೂ ಅಲ್ಲ. ನಮ್ಮಿಂದ ಹೊರಟದ್ದು ಎಲ್ಲಿಗೆ ಹೋಗಿ ಯಾರ ಪಾಲಾಗುತ್ತದೆ ಎಂದು ಕೊನೆಯವರೆಗೆ ಹಿಂಬಾಲಿಸಿ ನೋಡುವುದು. ಧ್ರುಬಜ್ಯೋತಿ ಘೋಷ್ ಕಾಲುವೆಯ ಗುಂಟ ನಡೆದು ಮಾಡಿದ್ದು ಅಷ್ಟೇ. ಮುಂದಿನ ಬಾರಿ ನಿಮ್ಮ ಊರಿನಲ್ಲಿ ಒಂದು ಜೌಗನ್ನು 'ಉಪಯೋಗಕ್ಕೆ ಬಾರದ ಜಾಗ' ಎಂದು ಮಣ್ಣು ತುಂಬಿಸಲು ಲಾರಿಗಳು ಬಂದಾಗ, ಆ ಜಾಗ ಇಷ್ಟು ದಿನ ಯಾರ ಕೊಳೆ ತೊಳೆಯುತ್ತಿತ್ತು ಎಂದು ಒಮ್ಮೆ ಕೇಳಿ ನೋಡಿ. ಉತ್ತರ ನಿಮ್ಮ ಮನೆಯ ಸಿಂಕಿನಿಂದಲೇ ಶುರುವಾಗಬಹುದು.